ಝೆನ್ ಕಾರಿನ ಹಿಂಭಾಗ: ಡಿಫ್ಯೂಸರ್ ಕೂರಿಸಲು ಹೋಗಿ ಹೊಗೆ ಕುಡಿದ ಏಳು ವಾರ

ಅಕ್ಟೋಬರ್ 26

ಮಳೆ ಬಿಟ್ಟಿತು. ಅಂಗಳದ ಪಾಚಿ ಕೆರೆದು ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದೆ. 'ಕೊನೆಕೊಯ್ಲು ಶುರುವಾಗುವವರೆಗೆ ಅಂಗಳ ನಿಂದು, ಆಮೇಲೆ ಅಡಿಕೆದು' ಎಂದು ಅಪ್ಪಯ್ಯ ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಡಿಸೆಂಬರ್ ಎರಡನೇ ವಾರ ಗಡುವು.

ಗಾಡಿ 1998ರ ಮಾರುತಿ ಝೆನ್, 993 ಸಿಸಿ, ಕಾರ್ಬ್ಯುರೇಟರ್. ಹಿಂದಿನ ಸೀಟು, ಡಿಕ್ಕಿಯ ಕಾರ್ಪೆಟ್, ಬಾಗಿಲಿನ ಒಳಗಿನ ರಟ್ಟು ಎಲ್ಲ ಕಿತ್ತು ಹಗುರ ಮಾಡಿ ಎರಡು ವರ್ಷದಿಂದ ಆಟೋಕ್ರಾಸ್‌ಗೆ, ಅಂದರೆ ಮಣ್ಣಿನ ಟ್ರ್ಯಾಕಿನ ಕಾರ್ ಸ್ಪರ್ಧೆಗೆ ಓಡಿಸುತ್ತಿದ್ದೇನೆ. ಈ ಸಲದ ಹುಚ್ಚು ಬೇರೆ. ಫಾರ್ಮುಲಾ ಒನ್‌ನಲ್ಲಿ ಸೈಲೆನ್ಸರ್ ಗಾಳಿಯನ್ನೇ ಕಾರಿನ ಹಿಂದಿನ ತಳದ ಡಿಫ್ಯೂಸರ್‌ಗೆ (ಹಿಂದಕ್ಕೆ ಹೋದಂತೆ ಮೇಲಕ್ಕೇರುವ ಹಾಳೆ, ತಳದ ಗಾಳಿಯನ್ನು ವೇಗವಾಗಿ ಎಳೆದು ಕಾರನ್ನು ನೆಲಕ್ಕೆ ಒತ್ತಿಸುತ್ತದೆ) ಊದಿಸಿ ಹಿಡಿತ ಹೆಚ್ಚಿಸಿಕೊಂಡರಲ್ಲ, ಅದನ್ನು ನನ್ನ ಝೆನ್‌ಗೂ ಮಾಡಿ ನೋಡುವುದು. ರೆನೋ 1983ರ ಆರ್‌ಇ40 ಕಾರಿನಲ್ಲೇ ಇದನ್ನು ಮಾಡಿತ್ತು. 2010ರಲ್ಲಿ ವಿನ್ಯಾಸಕ ಏಡ್ರಿಯನ್ ನ್ಯೂಯಿ ರೆಡ್ ಬುಲ್ ಆರ್‌ಬಿ6ಕ್ಕೆ ಮತ್ತೆ ತಂದರು. ಮರುವರ್ಷ ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ಬಿಸಿಗಾಳಿ ಊದುತ್ತಲೇ ಇರುವಂತೆ ಮಾಡಿಕೊಂಡಿದ್ದರು. 2012ರ ನಿಯಮ ಕೊಳವೆಯ ಬಾಯನ್ನು ತಳದಿಂದ ದೂರ, ಮೇಲಕ್ಕೆ ತಳ್ಳಿತು.

2010ರ ಹೊತ್ತಿಗೆ ಅವರದು 2.4 ಲೀಟರ್ ವಿ8, 18,000 ಆರ್‌ಪಿಎಂ. ನನ್ನದು ಒಂದು ಲೀಟರ್, ಜಗ್ಗಿದರೆ 6,000. ಲೆಕ್ಕ ಹಾಕಿದರೆ ನನ್ನ ಎಂಜಿನ್ ಉಗುಳುವ ಗಾಳಿ ಅವರದರ ಏಳರಲ್ಲಿ ಒಂದು ಪಾಲೂ ಇಲ್ಲ. ಈ ಲೆಕ್ಕವನ್ನು ನಾನು ಹಾಕಿದ್ದು ಕೆಲಸ ಮುಗಿದ ಮೇಲೆ.

ನವೆಂಬರ್ 2

ಸ್ಟೆಪ್ನಿ ತೆಗೆದಿಟ್ಟೆ. ಹಿಂದಿನ ಆಕ್ಸಲ್‌ನಿಂದ ಬಂಪರ್‌ನ ಕೆಳ ಅಂಚಿನವರೆಗೆ ಅಳೆದರೆ 420 ಮಿಲಿಮೀಟರ್ ಜಾಗ. ಶಿರಸಿಯಲ್ಲಿ ಅಂಗಡಿ ಬೋರ್ಡು ಮಾಡುವವರ ಹತ್ತಿರ ಉಳಿದಿದ್ದ 3 ಮಿ.ಮೀ. ಎಸಿಪಿ (ಬೋರ್ಡಿಗೆ ಬಳಸುವ ಹಾಳೆ) ತುಂಡು ನಾನೂರು ರೂಪಾಯಿಗೆ ಸಿಕ್ಕಿತು. ಹಗುರ, ಗರಗಸದಲ್ಲಿ ಕೊಯ್ಯಬಹುದು, ಚೂರಿಯಲ್ಲಿ ಗೀರಿ ಮಡಚಬಹುದು. ಬಹಳ ಖುಷಿಯಾಯಿತು.

ಡಿಫ್ಯೂಸರ್ ಹಾಳೆಯ ಕೋನ 15 ಡಿಗ್ರಿ ಇಟ್ಟೆ. ಅಂದರೆ ಹಿಂದಿನ ಅಂಚು ಮುಂದಿನ ಅಂಚಿಗಿಂತ 112 ಮಿ.ಮೀ. ಮೇಲೆ. ಯಾಕೆ 15? ಫೋಟೋಗಳಲ್ಲಿ ರೇಸ್ ಕಾರುಗಳದ್ದು ಹಾಗೇ ಕಡಿದಾಗಿ ಕಾಣುತ್ತದೆ ಎಂಬುದಷ್ಟೇ ಕಾರಣ. ಹಾಳೆಗೆ ಮೂರು ಪಟ್ಟಿಗಳನ್ನೂ ನಿಲ್ಲಿಸಿ ರಿವೆಟ್ ಮಾಡಿದೆ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಸೈಲೆನ್ಸರ್‌ನ ಬಾಲದ ಕೊಳವೆಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ಬಾಯಿ ಬಂಪರ್‌ನಿಂದ 260 ಮಿ.ಮೀ. ಒಳಗೆ, ಹಾಳೆಯ ಕೆಳಗೆ ಬರುವ ಹಾಗೆ ತಿರುಗಿಸಿದೆ. ಕತ್ತರಿಸಿದ ತುಂಡನ್ನು ಎಸೆದುಬಿಟ್ಟೆ. ಇಟ್ಟುಕೊಂಡಿದ್ದರೆ ಮುಂದೆ ಆರುನೂರೈವತ್ತು ರೂಪಾಯಿ ಉಳಿಯುತ್ತಿತ್ತು.

ನವೆಂಬರ್ 5

ಭಾವನನ್ನು ಪಕ್ಕ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ಕತಗಾಲದಲ್ಲಿ ಚಾ ಕುಡಿದು ವಾಪಸು ಹತ್ತಿಸಿದೆ. ಹತ್ತುವಾಗ ಎರಡನೇ, ಮೂರನೇ ಗೇರ್‌ನಲ್ಲಿ ಎಂಜಿನ್ ಪೂರ್ತಿ ಬಿಸಿ. ರಾಗಿಹೊಸಳ್ಳಿ ಬರುವ ಹೊತ್ತಿಗೆ ಸುಟ್ಟ ವಾಸನೆ. ಕ್ಲಚ್ ಹೋಯಿತು ಅಂದುಕೊಂಡೆ. ನಿಲ್ಲಿಸಿ ಬಗ್ಗಿ ನೋಡಿದ ಭಾವ, 'ನಿನ್ನ ಬೋರ್ಡು ಕರಗಿ ಸೋರ್ತಾ ಇದ್ದು ಮಾರಾಯ' ಎಂದ.

ಎಸಿಪಿ ಅಂದರೆ ಎರಡು ತೆಳು ಅಲ್ಯುಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್‌ಗೆ ನೂರು ಡಿಗ್ರಿ ದಾಟಿದರೆ ತಡೆಯುವುದಿಲ್ಲ. ಕೊಳವೆಯ ಬಾಯಿಗೆ ನೇರ ಎದುರಿದ್ದ ಕಡೆ ಅಂಗೈ ಅಗಲ ಉಬ್ಬಿ, ಒಳಗಿನದು ಹನಿಹನಿಯಾಗಿ ಡಾಂಬರಿಗೆ ಬೀಳುತ್ತಿತ್ತು. ಬೆಂಕಿ ಹತ್ತಲಿಲ್ಲ, ಪುಣ್ಯ. 2011ರಲ್ಲಿ ಲೋಟಸ್ ರೆನೋ ತಂಡ ಆರ್31 ಕಾರಿನ ಸೈಲೆನ್ಸರ್ ಬಾಯನ್ನು ಮುಂದಕ್ಕೆ, ಕಾರಿನ ಎರಡೂ ಪಕ್ಕದ ಉಬ್ಬುಗಳ (ಸೈಡ್‌ಪಾಡ್) ಆರಂಭಕ್ಕೇ ತಂದಿತ್ತು. ಹಂಗೇರಿ ರೇಸ್‌ನಲ್ಲಿ ಚಾಲಕ ನಿಕ್ ಹೈಡ್‌ಫೆಲ್ಡ್ ಪಿಟ್‌ನಿಂದ ಹೊರಬೀಳುವಾಗ ಆ ಕಾರು ಹತ್ತಿಕೊಂಡದ್ದನ್ನು ಟಿವಿಯಲ್ಲಿ ನೋಡಿದ್ದೆ. ನೋಡಿಯೂ ಪ್ಲಾಸ್ಟಿಕ್ ಹಾಕಿದೆ.

ಅಲ್ಲೇ ರಸ್ತೆ ಬದಿಯಲ್ಲಿ ಹಾಳೆ ಬಿಚ್ಚಿ ಡಿಕ್ಕಿಗೆ ಹಾಕಿದೆ. ಬರಿಗೈಯಲ್ಲಿ ಮುಟ್ಟಿದ್ದಕ್ಕೆ ಎರಡು ಬೆರಳಿಗೆ ಬೊಬ್ಬೆ.

ನವೆಂಬರ್ 9

ಈ ಸಲ 1.2 ಮಿ.ಮೀ. ಅಲ್ಯುಮಿನಿಯಂ ತಗಡು, ನಾಲ್ಕು ಅಡಿಗೆ ಮೂರು ಅಡಿ, ₹1,450. ಎಸಿಪಿಯನ್ನೇ ಅಚ್ಚು ಮಾಡಿಕೊಂಡು ಕೊಯ್ದೆ. ಮಡಚಲು ಯಂತ್ರವಿಲ್ಲ, ಎರಡು ರೀಪಿನ ನಡುವೆ ಬಿಗಿದು ಮರದ ಸುತ್ತಿಗೆಯಲ್ಲಿ ಬಡಿದೆ. ಮಡಿಕೆ ನೇರ ಬಂದಿಲ್ಲ, ಎಡಗಡೆ ಒಂದು ಅಲೆ ಇದೆ. ಅಲ್ಯುಮಿನಿಯಂ ರಿವೆಟ್‌ಗಳನ್ನೇ ಹಾಕಿದೆ. ಕರಾವಳಿಗೆ ಇಳಿದುಬರುವ ಗಾಡಿ, ಉಪ್ಪುಗಾಳಿಯಲ್ಲಿ ಅಲ್ಯುಮಿನಿಯಂ ತಗಡಿಗೆ ಕಬ್ಬಿಣದ ರಿವೆಟ್ ಹಾಕಿದರೆ ತೂತಿನ ಸುತ್ತ ಬಿಳಿ ಬೂದಿ ಬಂದು ತಿಂದುಹಾಕುತ್ತದೆ.

ಕೊಳವೆ ಇದ್ದಲ್ಲೇ ಬಿಟ್ಟೆ.

ನವೆಂಬರ್ 10ರಿಂದ 14

ಈಗ ಏನೂ ಕರಗುತ್ತಿಲ್ಲ. ಆದರೆ ಪೇಟೆಗೆ ಹೋಗಿ ಬಂದರೆ ತಲೆನೋವು. ಒಳಗೆ ಹಸಿ ಪೆಟ್ರೋಲ್ ಹೊಗೆಯ ವಾಸನೆ. ಕಾರ್ಬ್ಯುರೇಟರ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದು ತೀರ್ಮಾನಿಸಿ, ಕಿಟ್ ತಂದು (₹850) ಬಿಚ್ಚಿ ಕೂರಿಸಿದೆ. ನಾಲ್ಕು ಸಂಜೆ ಅದಕ್ಕೇ ಹೋಯಿತು. ವಾಸನೆ ಹೋಗಲಿಲ್ಲ. ವಾಸನೆ ತಡೆಯಲಾರದೆ ಮುಂದಿನ ಎರಡೂ ಗಾಜು ಪೂರ್ತಿ ಇಳಿಸಿ ಓಡಿಸಿದೆ. ತಲೆನೋವು ಇನ್ನೂ ಜಾಸ್ತಿಯಾಯಿತು. ಗಾಳಿ ಬಂದಷ್ಟೂ ಒಳ್ಳೆಯದಲ್ಲವೇ, ಯಾಕೆ ಹೀಗೆ ಎಂದು ತಿಳಿಯಲಿಲ್ಲ.

ಸೈಲೆನ್ಸರ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂಗಿಗೆ ಹೊಡೆಯುವುದು ಹೊಗೆಯಲ್ಲಿರುವ ಬೇರೆ ಸಾಮಾನು. ವಾಸನೆ ಬರುತ್ತಿದೆ ಅಂದರೆ ಇದೂ ಜೊತೆಗೆ ಬರುತ್ತಿದೆ ಎಂದೇ ಲೆಕ್ಕ. ನಾಲ್ಕು ದಿನ ಅದರಲ್ಲೇ ಕೂತು ಓಡಿಸಿದ್ದು, ಒಂದು ದಿನ ಆಯಿಯನ್ನೂ ಕೂರಿಸಿಕೊಂಡು ಹೋಗಿದ್ದು ಇದೆಯಲ್ಲ, ಈ ಇಡೀ ಕೆಲಸದಲ್ಲಿ ನನಗೆ ನಾಚಿಕೆಯಾಗುವುದು ಅದಕ್ಕೇ. ಕೂಡಲೇ ಮನೆಯಲ್ಲಿಡುವ ಮೊನಾಕ್ಸೈಡ್ ಮೀಟರ್ ಒಂದನ್ನು ತರಿಸಿದೆ, ₹1,350.

ನವೆಂಬರ್ 16

ಮೀಟರ್ ಬಂತು. ಮೊದಲ ಅಳತೆ, ಗಂಟೆಗೆ 60 ಕಿ.ಮೀ.ನಲ್ಲಿ ಹತ್ತು ನಿಮಿಷ ಓಡಿಸಿ:

ಮುಂದಿನ ಎರಡೂ ಗಾಜು ಕೆಳಗೆ: 92 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೊನಾಕ್ಸೈಡ್ ಎಷ್ಟು ಪಾಲು ಎಂಬ ಲೆಕ್ಕ).
ಒಂದೇ ಗಾಜು ಅರ್ಧ: 64.
ಗಾಜು ಪೂರ್ತಿ ಮುಚ್ಚಿ, ಬ್ಲೋವರ್ ಹೊರಗಿನ ಗಾಳಿಗೆ ತಿರುಗಿಸಿ ಎರಡನೇ ವೇಗದಲ್ಲಿ: 35.

ಅಲ್ಲಿಗೆ ತಲೆಗೆ ಹೋಯಿತು. ಮುಂದಿನ ಕಿಟಕಿ ತೆರೆದರೆ ಗಾಳಿ ಒಳಗೆ ಬರುವುದಕ್ಕಿಂತ ಪಕ್ಕದಲ್ಲಿ ಹಾದುಹೋಗುವ ಗಾಳಿ ಒಳಗಿನದನ್ನು ಹೊರಗೆ ಎಳೆಯುವುದೇ ಹೆಚ್ಚು. ಆ ಖಾಲಿ ತುಂಬಲು ಎಲ್ಲಿಂದಲೋ ಬರಬೇಕಲ್ಲ, ಹಿಂದಿನಿಂದ ಬರುತ್ತಿದೆ. ಬ್ಲೋವರ್ ಹಾಕಿದರೆ ಒಳಗೇ ಸ್ವಲ್ಪ ಒತ್ತಡ, ಹಿಂದಿನ ಎಳೆತ ಕಡಿಮೆ.

ಕಾರು ನಿಲ್ಲಿಸಿ ಹಿಂದೆ ಹೋಗಿ ನಿಂತೆ. ಡಿಕ್ಕಿ ಬಾಗಿಲ ಮೇಲೆ ನಮ್ಮ ದಾರಿಯ ಕೆಂಪು ಧೂಳು. ಮೇಲ್ಛಾವಣಿಯಲ್ಲಿ ಇಲ್ಲ, ಪಕ್ಕದಲ್ಲೂ ಹೆಚ್ಚಿಲ್ಲ, ಹಿಂಬದಿಗೆ ಮಾತ್ರ ರೊಟ್ಟಿಗೆ ಹಿಟ್ಟು ಹಚ್ಚಿದಷ್ಟು ದಪ್ಪ. ಡಿಕ್ಕಿಯ ಕೆಳಅಂಚಿನಿಂದ ನಂಬರ್ ಪ್ಲೇಟ್ ದಾಟಿ ಗಾಜಿನ ಅರ್ಧದವರೆಗೆ, ಆ ಕೆಂಪಿನ ಮೇಲೆ ಕಪ್ಪು ಮಸಿಯ ನಾಲಿಗೆ. ಹೊಗೆ ಹಿಂದಕ್ಕೆ ಹೋಗುತ್ತಿಲ್ಲ, ಡಿಕ್ಕಿಯ ಮೇಲೆ ಹತ್ತುತ್ತಿದೆ. ಎರಡು ವರ್ಷ ಪ್ರತಿ ಭಾನುವಾರ ಆ ಧೂಳು ತೊಳೆದಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಹ್ಯಾಚ್‌ಬ್ಯಾಕ್ ಕಾರುಗಳಿಗೇ ಹಿಂದೆ ವೈಪರ್ ಯಾಕೆ ಕೊಡುತ್ತಾರೆ ಎಂಬುದೂ ಅವತ್ತೇ ಹೊಳೆದದ್ದು. ನೆಟ್ಟಗೆ ಕಡಿದ ಹಿಂಭಾಗದ ಬೆನ್ನಿಗೆ ಗಾಳಿ ಅಂಟಿಕೊಳ್ಳುವುದಿಲ್ಲ, ಅಲ್ಲಿ ಒತ್ತಡ ಕಡಿಮೆಯಾಗಿ ಸುಳಿಯೇಳುತ್ತದೆ, ಕೆಳಗಿನ ಧೂಳು ಹೊಗೆ ಎರಡನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ.

ನವೆಂಬರ್ 17

ಗಾಳಿ ಎತ್ತ ಹರಿಯುತ್ತದೆ ಎಂದು ನೋಡಲು ಆಯಿಯ ಸ್ವೆಟರ್ ಬುಟ್ಟಿಯಿಂದ ಹಳದಿ ಉಲ್ಲನ್ ಕದ್ದೆ. 80 ಮಿ.ಮೀ. ಉದ್ದದ ತುಂಡು, ಒಂದು ತುದಿಗೆ ಇನ್ಸುಲೇಷನ್ ಟೇಪ್. ಡಿಕ್ಕಿ ಬಾಗಿಲಿಗೆ 40, ಬಂಪರ್‌ಗೆ 14, ಡಿಫ್ಯೂಸರ್ ಹಾಳೆಯ ಕೆಳಗೆ 18. ಆಯಿ ಹೊರಗೆ ಬಂದು ನೋಡಿ, 'ಎಂತದಾ ಇದು, ಕಾರಿಗೂ ಚಳಿಯನಾ?' ಎಂದಳು.

ಭಾವ ಬೈಕ್ ಓಡಿಸಿದ, ಅವನ ಹಿಂದೆ ಕೂತ ತಮ್ಮ ಮೊಬೈಲ್‌ನಲ್ಲಿ ತೆಗೆದ. ಹಾಳೆಯ ಕೆಳಗಿನದ್ದಕ್ಕೆ ಇನ್ನೊಂದು ಮೊಬೈಲನ್ನು ಆಕ್ಸಲ್‌ಗೆ ಕಟ್ಟಿದೆ. ಮೊದಲ ಸಲ ಕೆಸರು ಹಾರಿ ಬರೀ ಕಂದು ಚಿತ್ರ, ಎರಡನೇ ಸಲ ಸರಿ ಬಂತು.

ವೇಗ 60. ಛಾವಣಿ ಅಂಚಿನ ಉಲ್ಲನ್ ನೆಟ್ಟಗೆ ಹಿಂದಕ್ಕೆ. ಗಾಜಿನ ಮೇಲಿನದ್ದು ಗೊತ್ತುಗುರಿಯಿಲ್ಲದೆ ಅಲೆದಾಟ. ಡಿಕ್ಕಿಯ ಕೆಳಭಾಗದಲ್ಲಿರುವುದು ಬಹುಪಾಲು ಮೇಲ್ಮುಖ, ಮಸಿಯ ನಾಲಿಗೆ ಇದ್ದ ಹಾಗೇ. ಡಿಫ್ಯೂಸರ್ ಕೆಳಗೆ ಮೊದಲ ಸಾಲು ಮಾತ್ರ ಹಿಂದಕ್ಕೆ. ಎರಡನೇ ಸಾಲಿನಿಂದ ಆಚೆ ಕೆಲವು ಉಲ್ಲನ್ ಮುಂದಕ್ಕೇ ತಿರುಗಿದ್ದವು. ಅಂದರೆ 15 ಡಿಗ್ರಿಗೆ ಗಾಳಿ ಹಾಳೆ ಬಿಟ್ಟು ಕೆಳಗೆ ಬಿದ್ದಿದೆ, ಮೇಲೆ ಸುಳಿ ಕೂತಿದೆ. ನಾನು ಸೈಲೆನ್ಸರ್ ಬಾಯಿ ಇಟ್ಟದ್ದು ಸರಿಯಾಗಿ ಆ ಸುಳಿಯ ಹೊಟ್ಟೆಗೆ. ಹೊಗೆ ಅಲ್ಲಿ ತುಂಬಿ, ಬಂಪರ್‌ನ ಒಳಗಿನ ಪೊಳ್ಳಿಗೆ ಹೋಗಿ, ಅಲ್ಲಿಂದ ಡಿಕ್ಕಿಗೆ.

ನವೆಂಬರ್ 22

ಇದನ್ನು ಬರೆಯದೇ ಬಿಡೋಣ ಅನ್ನಿಸಿತ್ತು. ರೇಸ್ ತಂಡಗಳು ಎಣ್ಣೆಯಲ್ಲಿ ಬಣ್ಣ ಕಲಸಿ ರೆಕ್ಕೆಗೆ ಬಳಿದು ಗಾಳಿಯ ದಾರಿ ನೋಡುತ್ತವಲ್ಲ, ಅದನ್ನೂ ಮಾಡಿದೆ. ಹಸಿರು ರಂಗೋಲಿ ಪುಡಿಯನ್ನು ಡೀಸೆಲ್‌ನಲ್ಲಿ ಕಲಸಿ ಡಿಕ್ಕಿಗೆ ಬಳಿದೆ. 60ರ ವೇಗಕ್ಕೆ ಗಾಳಿ ಅದನ್ನು ಸರಿಸಲಿಲ್ಲ, ಬರೀ ಭಾರಕ್ಕೆ ಕೆಳಗಿಳಿಯಿತು. ಯಕ್ಷಗಾನದ ಬಣ್ಣದ ವೇಷ ಮಳೆಯಲ್ಲಿ ನೆನೆದ ಹಾಗೆ. ತೊಳೆಯಲು ಎರಡು ಗಂಟೆ. ಬಿಳಿ ಪೇಂಟಿಗೆ ಹತ್ತಿದ ಹಸಿರು ಇನ್ನೂ ಪೂರ್ತಿ ಹೋಗಿಲ್ಲ.

ನವೆಂಬರ್ 23, ರಾತ್ರಿ

ಡಿಕ್ಕಿಗೆ ಹೊಗೆ ನುಗ್ಗುವ ತೂತು ಹುಡುಕುವ ಕೆಲಸ. ಇದು ಸುಲಭ, ಖರ್ಚಿಲ್ಲ, ಫಲ ಜಾಸ್ತಿ. ಕರೆಂಟು ಹೋಗಿತ್ತು, ಅದೂ ಅನುಕೂಲವೇ ಆಯಿತು. ತಮ್ಮನನ್ನು ದೊಡ್ಡ ಟಾರ್ಚ್ ಕೊಟ್ಟು ಡಿಕ್ಕಿಯೊಳಗೆ ಕೂರಿಸಿ ಬಾಗಿಲು ಹಾಕಿದೆ. ಹೊರಗೆ ಬೆಳಕು ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು. ಒಟ್ಟು ಒಂಬತ್ತು ಕಡೆ:

ಡಿಕ್ಕಿ ಬಾಗಿಲಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಕೆಳಗಿನ ಎರಡೂ ಮೂಲೆಯಲ್ಲಿ. ಎಡ ಟೈಲ್ ಲ್ಯಾಂಪಿನ ಹಿಂದೆ, ವಾಷರ್ ಪುಡಿಯಾಗಿದೆ. ನಂಬರ್ ಪ್ಲೇಟ್ ದೀಪದ ವೈರ್ ತೂತು. ಹಿಂದಿನ ಸೀಟ್‌ಬೆಲ್ಟ್ ಕಿತ್ತಾಗ ನಾನೇ ತೆರೆದುಬಿಟ್ಟ ನಾಲ್ಕು ಬೋಲ್ಟ್ ತೂತು. ಸ್ಟೆಪ್ನಿ ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇಲ್ಲದ, ಬೆರಳು ತೂರುವಷ್ಟು ದೊಡ್ಡದೊಂದು.

ಹಗುರ ಮಾಡುತ್ತೇನೆಂದು ಕಿತ್ತ ಕಾರ್ಪೆಟ್ಟೂ ರಟ್ಟೂ ಇವನ್ನೆಲ್ಲ ಒಂದಿಷ್ಟು ಮುಚ್ಚಿಕೊಂಡಿದ್ದವು.

ಮರುದಿನ ಹೊಸ ಬೀಡಿಂಗ್ (₹520), ಸಿಲಿಕೋನ್ (₹220), ಬೋಲ್ಟ್ ತೂತಿಗೆ ಬೋಲ್ಟೇ ಹಾಕಿ ಬಿಗಿದೆ. ಹಳೇ ಬೀಡಿಂಗ್‌ನ ಅಂಟು ಪೂರ್ತಿ ಕೆರೆಯದೆ ಹೊಸದು ಕೂರಿಸಿದ್ದರಿಂದ ಡಿಕ್ಕಿ ಮುಚ್ಚಲಿಲ್ಲ. ತೆಗೆದು, ಕೆರೆದು, ಮತ್ತೆ ಹಾಕಿದೆ.

ಮೀಟರ್: ಗಾಜು ಕೆಳಗೆ 41, ಮುಚ್ಚಿದರೆ ಸೊನ್ನೆ. ಈ ಮೀಟರ್ 30ಕ್ಕಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ತೋರಿಸುತ್ತದೆ, ಹಾಗಾಗಿ ಸೊನ್ನೆಯನ್ನು ಸೊನ್ನೆ ಎಂದು ನಂಬಬಾರದು.

ನವೆಂಬರ್ 29

ಕೊಳವೆ. ಊದುವ ಡಿಫ್ಯೂಸರ್ ಆಸೆ ಇಲ್ಲಿಗೆ ಬಿಟ್ಟೆ.

ಮೊದಲ ಪ್ರಯತ್ನ: ಎಡ ಹಿಂಚಕ್ರದ ಹಿಂದೆ ಪಕ್ಕಕ್ಕೆ ಬಾಯಿ ತೆರೆಯುವ ಹಾಗೆ. ನೋಡಲು ಚೆಂದ, ರ‍್ಯಾಲಿ ಕಾರಿನ ಗತ್ತು. ಓಡುವಾಗ ಪರವಾಗಿಲ್ಲ. ನಿಂತಲ್ಲಿ ಎಂಜಿನ್ ಓಡುತ್ತಿದ್ದರೆ, ಎಡದಿಂದ ಗಾಳಿ ಬೀಸಿದಾಗ ಹೊಗೆ ಕಿಟಕಿಯಿಂದಲೇ ಒಳಗೆ, ಮೀಟರ್‌ನಲ್ಲಿ 45. ಆಟೋಕ್ರಾಸ್‌ನಲ್ಲಿ ಸರದಿಗಾಗಿ ಅರ್ಧ ಗಂಟೆ ನಿಲ್ಲುವ ಗಾಡಿಗೆ ಇದು ಆಗುವುದಿಲ್ಲ.

ಎರಡನೇದು: ಶಿರಸಿಯ ವೆಲ್ಡಿಂಗ್ ಭಾಯಿ ಹತ್ತಿರ 38 ಮಿ.ಮೀ. ಕೊಳವೆ, ಒಂದು ಬೆಂಡ್. ಮಜೂರಿ ಸೇರಿ ₹650, ಪಕ್ಕದ ಬಾಯಿ ಮುಚ್ಚಲು ಇನ್ನೂರು. ನಾನು ಬಂಪರ್ ಅಂಚಿಗೆ ಸರಿಯಾಗಿ ನಿಲ್ಲಿಸಿ ಎಂದೆ. ಭಾಯಿ ತಲೆ ಅಲ್ಲಾಡಿಸಿದರು. 'ಕಂಪನಿಯವರು ಹೊರಗೆ ಚಾಚಿ ಕೊಟ್ಟದ್ದು ಚಂದಕ್ಕೆ ಅಂದ್ಕೊಂಡ್ರಾ?' ಎಂದು 90 ಮಿ.ಮೀ. ಹೊರಗೆ ಬಿಟ್ಟು ಬೆಸೆದರು. ಬಾಯಿ ಸ್ವಲ್ಪ ಕೆಳಮುಖ.

ಗಾಜು ಕೆಳಗೆ: ಸೊನ್ನೆ. ಗಾಜು ಮೇಲೆ: ಸೊನ್ನೆ. ನಿಂತಲ್ಲಿ: ಸೊನ್ನೆ. ವಾಸನೆಯೂ ಇಲ್ಲ. ಸುಮಾರು ನಾಲ್ಕು ವಾರ, ಒಂದು ಕಾರ್ಬ್ಯುರೇಟರ್ ಕಿಟ್, ಎರಡು ಬೊಬ್ಬೆ ಆದ ಮೇಲೆ ಮಾರುತಿಯವರು ಮೊದಲೇ ಇಟ್ಟಿದ್ದ ಜಾಗಕ್ಕೇ ಬಂದೆ.

ಎರಡು ದಿನ ಬಿಟ್ಟು ಅಪ್ಪಯ್ಯ ಕಾರಿನ ಹಿಂದೆ ಹಾದುಹೋಗುವಾಗ ಬಿಸಿ ಕೊಳವೆ ತಾಗಿ ಪಂಚೆಗೆ ತೂತು. 60 ಮಿ.ಮೀ.ಗೆ ಕತ್ತರಿಸಿದೆ. ಮೀಟರ್ ಮತ್ತೆ ನೋಡಿದೆ, ಸೊನ್ನೆಯೇ.

ಡಿಸೆಂಬರ್ 6

ಬಂಪರ್. ಝೆನ್‌ನ ಹಿಂದಿನ ಬಂಪರ್ ಒಳಗೆ ಪೊಳ್ಳು, ಕೆಳಗೆ ತೆರೆದ ಚೀಲ. ಕಾರಿನ ಕೆಳಗಿಂದ ಬಂದ ಗಾಳಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿದರೆ ಮೂರ್ನಾಲ್ಕು ಕಿಲೋ ಮಣ್ಣೂ ಅಲ್ಲೇ. ಅಸಲಿ ಬಂಪರ್ ತೆಗೆದಿಟ್ಟು ಗುಜರಿಯಿಂದ ಇನ್ನೊಂದು (₹700) ತಂದೆ. 65 ಮಿ.ಮೀ. ಹೋಲ್ ಸಾದಲ್ಲಿ ಕೆಳಸಾಲಿಗೆ ಏಳು ತೂತು. ಡ್ರಿಲ್ ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕೊಯ್ಯದೆ ಕರಗಿ ಅಂಟುತ್ತದೆ, ಮೊದಲ ಎರಡು ತೂತು ಹಾಗೇ ಹಾಳಾದವು. ನಿಧಾನ ತಿರುಗಿಸಿದ ಐದು ಚೆನ್ನಾಗಿವೆ.

ಡಿಫ್ಯೂಸರ್ ಪೂರ್ತಿ ಕಿತ್ತೆಸೆಯಲು ಮನಸ್ಸಾಗಲಿಲ್ಲ. ಕೋನವನ್ನು 8 ಡಿಗ್ರಿಗೆ ಇಳಿಸಿದೆ, 420ಕ್ಕೆ 59 ಮಿ.ಮೀ. ಏರಿಕೆ. ಕೊಳವೆ ಹಾದುಹೋಗುವಲ್ಲಿ ಸುತ್ತ 25 ಮಿ.ಮೀ. ಜಾಗ ಬಿಟ್ಟು ಕೊಯ್ದೆ. ಮತ್ತೆ ಉಲ್ಲನ್, ಮತ್ತೆ ಆಕ್ಸಲ್‌ಗೆ ಮೊಬೈಲ್. ಈ ಸಲ ಕೊನೆಯ ಸಾಲು ಬಿಟ್ಟು ಎಲ್ಲವೂ ಹಿಂದಕ್ಕೆ ನೆಟ್ಟಗೆ. ಬಹಳ ಹೊತ್ತು ಅದೇ ವಿಡಿಯೋ ನೋಡುತ್ತ ಕೂತೆ.

ಡಿಸೆಂಬರ್ 7, ಬೆಳಗಿನ ಆರು

ಕುಮಟಾ ದಾಟಿ ಅಂಕೋಲಾ ಕಡೆ ಹೆದ್ದಾರಿಯ ಸಮತಟ್ಟು ತುಂಡು. ಗಾಳಿ ಇಲ್ಲ, ಗಾಡಿಗಳೂ ಕಡಿಮೆ. 70ರಲ್ಲಿ ನ್ಯೂಟ್ರಲ್‌ಗೆ ಹಾಕಿ 50ಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ತಮ್ಮ ಅಳೆದ. ಹೆಚ್ಚು ಹೊತ್ತು ಹಿಡಿದರೆ ಗಾಳಿಯ ತಡೆ ಕಡಿಮೆ ಎಂದರ್ಥ. ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಸಲ. ಅಸಲಿ ಬಂಪರ್, ಡಿಫ್ಯೂಸರ್ ಇಲ್ಲದೆ ಸರಾಸರಿ 18.7. ತೂತಿನ ಬಂಪರ್, 8 ಡಿಗ್ರಿ ಹಾಳೆಯೊಂದಿಗೆ 19.2.

ಅರ್ಧ ಸೆಕೆಂಡು ಲಾಭ ಎಂದು ಕುಣಿಯಬಹುದಿತ್ತು. ಆದರೆ ಏನೂ ಬದಲಿಸದೆ ಅಳೆದಾಗಲೇ ಒಂದು ಸಲ 18.1, ಇನ್ನೊಂದು ಸಲ 19.6 ಬಂದಿದೆ. ಸ್ಪೀಡೋಮೀಟರ್ ಮುಳ್ಳು ನೋಡಿ ಒತ್ತುವ ಬೆರಳಿನ ಅಂದಾಜು ಅದು. ಲಾಭ ಇದೆಯೋ ಇಲ್ಲವೋ, ಈ ಅಳತೆಯಿಂದ ಹೇಳಲಾಗದು. ನೆಲದಿಂದ ಒಂದು ಗೇಣು ಮೇಲಿರುವ ಗಾಡಿ, ಆಟೋಕ್ರಾಸ್‌ನಲ್ಲಿ 70 ದಾಟುವುದು ಎರಡೇ ಕಡೆ. ಹಿಡಿತ ಹೆಚ್ಚಿದ್ದು ನನಗಂತೂ ಗೊತ್ತಾಗಿಲ್ಲ. ಬಂಪರ್‌ನಲ್ಲಿ ಮಣ್ಣು ನಿಲ್ಲುತ್ತಿಲ್ಲ, ಅದು ಕಣ್ಣಿಗೆ ಕಾಣುತ್ತದೆ.

ಡಿಸೆಂಬರ್ 13

ಖರ್ಚು: ಎಸಿಪಿ 400, ತಗಡು 1,450, ರಿವೆಟ್ 120, ಮೀಟರ್ 1,350, ಬೀಡಿಂಗ್ 520, ಸಿಲಿಕೋನ್ 220, ಕೊಳವೆ ಮತ್ತು ವೆಲ್ಡಿಂಗ್ 850, ಬಂಪರ್ 700, ಬೇಡದ ಕಾರ್ಬ್ಯುರೇಟರ್ ಕಿಟ್ 850. ಒಟ್ಟು ₹6,460. ಅಪ್ಪಯ್ಯನ ಪಂಚೆ ಬೇರೆ.

ಬಾಕಿ ಇರುವುದು: ಕೊಳವೆ ಹಿಡಿದ ರಬ್ಬರ್ ಉಂಗುರ ಉದ್ದ ಕೊಳವೆಯ ಭಾರಕ್ಕೆ ಜಗ್ಗಿದೆ, ಗುಂಡಿಗೆ ಇಳಿದರೆ ಕೊಳವೆ ಹಾಳೆಗೆ ತಾಗಿ ಗಡಗಡ ಎನ್ನುತ್ತದೆ. ಎರಡನೇ ಹಿಡಿಕೆ ಬೆಸೆಯಬೇಕು. ಎಡಗಡೆ ಟೈಲ್ ಲ್ಯಾಂಪಿಗೆ ಸಿಲಿಕೋನ್ ಮೆತ್ತಿದ್ದೇನೆ, ಬಲ್ಬ್ ಹೋದರೆ ಕಿತ್ತೇ ತೆಗೆಯಬೇಕು. ಸರಿಯಾದ ವಾಷರ್ ಹುಬ್ಬಳ್ಳಿಯಿಂದ ತರಿಸಬೇಕು.

ಇವತ್ತು ಬೆಳಿಗ್ಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದ. ಅಪ್ಪಯ್ಯ ಕಾರನ್ನು ಕೊಟ್ಟಿಗೆ ಪಕ್ಕಕ್ಕೆ ತಳ್ಳಿಸಿದರು. ಮೀಟರ್ ಮಾತ್ರ ಡ್ಯಾಶ್‌ಬೋರ್ಡಿನಲ್ಲೇ ಅಂಟಿಸಿ ಬಿಟ್ಟಿದ್ದೇನೆ. ಮಧ್ಯಾಹ್ನ ಕೊಟ್ಟಿಗೆ ಆಚೆ ಅಡಿಕೆ ಬೇಯಿಸುವ ಒಲೆಯ ಹೊಗೆ ಕಿಟಕಿಯಲ್ಲಿ ನುಗ್ಗಿ ಅದು ಕೂಗಿಕೊಂಡಿತು, ಆಯಿ ಓಡಿಬಂದಳು.